ಅಸಲು, ಬಡ್ಡಿ ಮತ್ತು ಶಾಲೆ: ಹಣದ ಪಾಠದ ಒಂದು ಹಿನ್ನೋಟ

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ, ಪ್ರೌಢಶಾಲೆಯ ಮಕ್ಕಳಿಗೆ ಹಣಕಾಸಿನ ತಿಳಿವಳಿಕೆ ಕೊಡಬೇಕೆಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಇದು ಮೊಬೈಲ್ ಕಾಲದ ಹೊಸ ಬೇಡಿಕೆ ಎಂದು ಹಲವರು ಭಾವಿಸುತ್ತಾರೆ. ಆದರೆ ಕನ್ನಡ ನಾಡಿನಲ್ಲಿ ಹಣದ ಪಾಠಕ್ಕೆ ಸಾವಿರ ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸದಲ್ಲಿ ನಮಗೆ ಏನು ದಕ್ಕಿತು, ಏನು ಕೈತಪ್ಪಿತು ಎಂಬುದನ್ನು ಈ ಶಾಲೆಯ ಹಳೆಯ ವಿದ್ಯಾರ್ಥಿಯಾಗಿ, ತಿಳಿದ ಮಟ್ಟಿಗೆ ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅಸಲು, ಬಡ್ಡಿ, ಅವಧಿ ಇವುಗಳಲ್ಲಿ ಒಂದು ತಿಳಿಯದಿದ್ದರೆ ಉಳಿದವುಗಳಿಂದ ಅದನ್ನು ಕಂಡುಹಿಡಿಯುವ ಲೆಕ್ಕಗಳು ಅದರಲ್ಲಿವೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ವನ್ನು ಬರೆದ. ಗಣಿತವೆಂದರೆ ವ್ಯವಹಾರಕ್ಕೆ ಬೇಕಾದ ವಿದ್ಯೆ ಎಂಬ ತಿಳಿವಳಿಕೆ ಆ ಹೆಸರಿನಲ್ಲಿಯೇ ಇದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಕಾಲದ ಗಣಿತ ಗ್ರಂಥಗಳಲ್ಲಿ ಬಡ್ಡಿಯನ್ನು ಸಾಮಾನ್ಯವಾಗಿ ‘ತಿಂಗಳಿಗೆ ನೂರಕ್ಕೆ ಇಷ್ಟು’ ಎಂದು ಹೇಳುತ್ತಿದ್ದರು. ಇಂದಿಗೂ ನಮ್ಮ ಕಡೆ “ಮೂರು ರೂಪಾಯಿ ಬಡ್ಡಿ” ಎಂದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಎಂದೇ ಅರ್ಥ.

ಕಳೆದ ಶತಮಾನದಲ್ಲಿ ಜನರಿಗೆ ಹಣದ ಶಿಸ್ತನ್ನು ಕಲಿಸಿದ್ದು ಮುಖ್ಯವಾಗಿ ಶಾಲೆಯ ಹೊರಗಿನ ಸಂಸ್ಥೆಗಳು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಾಹುಕಾರರ ಬಡ್ಡಿಗೆ ಸಿಕ್ಕಿದ್ದ ರೈತ ತನ್ನ ಊರಿನವರ ಜೊತೆ ಸೇರಿ ತಾನೇ ಸಾಲದ ವ್ಯವಸ್ಥೆ ಮಾಡಿಕೊಳ್ಳಬಹುದೆಂದು ಅದು ತೋರಿಸಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಮೈಸೂರು ಬ್ಯಾಂಕ್ ಆರಂಭವಾಯಿತು. ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಯಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಿದರು. ಹೂವಿನವರು, ತರಕಾರಿಯವರು ಇಂದಿಗೂ ‘ಪಿಗ್ಮಿ ಕಟ್ಟುವುದು’ ಎನ್ನುವ ಮಾತು ಅಲ್ಲಿಂದಲೇ ಬಂದದ್ದು.

ಸ್ವಾತಂತ್ರ್ಯಾನಂತರ ಈ ಅಭ್ಯಾಸವನ್ನು ಶಾಲೆಯೊಳಕ್ಕೆ ತರುವ ಪ್ರಯತ್ನ ‘ಸಂಚಯಿಕಾ’ ಯೋಜನೆಯ ಮೂಲಕ ನಡೆಯಿತು. ರಾಷ್ಟ್ರೀಯ ಉಳಿತಾಯ ಸಂಸ್ಥೆ ಉತ್ತೇಜಿಸಿದ ಈ ಶಾಲಾ ಉಳಿತಾಯ ಬ್ಯಾಂಕುಗಳಲ್ಲಿ ವಿದ್ಯಾರ್ಥಿಗಳೇ ಮ್ಯಾನೇಜರ್, ವಿದ್ಯಾರ್ಥಿಗಳೇ ಕ್ಯಾಷಿಯರ್. ಉಪಾಧ್ಯಾಯರು ಮೇಲ್ವಿಚಾರಕರು. ನಾಲ್ಕಾಣೆ, ಎಂಟಾಣೆ ಕಟ್ಟಿದ್ದನ್ನು ಪುಸ್ತಕದಲ್ಲಿ ಬರೆದು, ಸಂಜೆ ಮೊತ್ತ ತಾಳೆ ನೋಡುವ ಕೆಲಸ ಯಾವ ಪಾಠಕ್ಕೂ ಕಡಿಮೆಯದಲ್ಲ.

ಆದರೆ ಸಹಕಾರ ಸಂಘವನ್ನು ಬಿಟ್ಟರೆ ಇವೆಲ್ಲವೂ ಮುಖ್ಯವಾಗಿ ಕಲಿಸಿದ್ದು ಉಳಿತಾಯವನ್ನು. ಸಾಲದ ಪಾಠ ಹಿಂದೆಯೇ ಉಳಿಯಿತು. ತರಗತಿಯಲ್ಲಿ ‘ಅಸಲು, ಕಾಲ, ದರ ಗುಣಿಸಿ ನೂರರಿಂದ ಭಾಗಿಸು’ ಎಂಬ ಸೂತ್ರವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆ ಲೆಕ್ಕದಲ್ಲಿ ದರ ಯಾವಾಗಲೂ ವಾರ್ಷಿಕ. ಬೀದಿಯಲ್ಲಿ ದರ ತಿಂಗಳದ್ದು. ಪುಸ್ತಕದ ಶೇಕಡ 12 ಹೆಚ್ಚಾಗಿ ಕಾಣುತ್ತದೆ, “ಬರೀ ಮೂರು ರೂಪಾಯಿ ಬಡ್ಡಿ” ಹಗುರವಾಗಿ ಕೇಳಿಸುತ್ತದೆ. ಲೆಕ್ಕ ಹಾಕಿದರೆ ಮೂರು ರೂಪಾಯಿ ಬಡ್ಡಿ ವರ್ಷಕ್ಕೆ ಶೇಕಡ 36, ಐದು ರೂಪಾಯಿ ಬಡ್ಡಿ ಶೇಕಡ 60. ಒಂದೇ ವಿಷಯಕ್ಕೆ ಶಾಲೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆ. ಇವೆರಡನ್ನೂ ಜೋಡಿಸುವ ಒಂದು ಗಂಟೆಯ ಪಾಠವಿದ್ದರೆ ಎಷ್ಟೋ ಮನೆಗಳು ಸಾಲಕ್ಕೆ ಸಹಿ ಹಾಕುವ ಮೊದಲು ಇನ್ನೊಮ್ಮೆ ಯೋಚಿಸುತ್ತಿದ್ದವು.

ಇನ್ನೊಂದು ಉದಾಹರಣೆ ನೋಡೋಣ. 12,000 ರೂಪಾಯಿ ಸಾಲ, ಒಂದು ವರ್ಷದ ಅವಧಿ, ಬಡ್ಡಿ ಶೇಕಡ 12 ‘ಫ್ಲಾಟ್’. ಬಡ್ಡಿ 1,440 ಸೇರಿ ಒಟ್ಟು 13,440 ರೂಪಾಯಿ, ತಿಂಗಳ ಕಂತು 1,120. ಆರು ಕಂತು ಕಟ್ಟುವ ಹೊತ್ತಿಗೆ ಅಸಲಿನಲ್ಲಿ ಅರ್ಧದಷ್ಟು ತೀರಿರುತ್ತದೆ. ಆದರೂ ಬಡ್ಡಿ ಮಾತ್ರ ಕೊನೆಯವರೆಗೆ ಪೂರ್ತಿ 12,000ಕ್ಕೇ ಬೀಳುತ್ತದೆ. ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಲೆಕ್ಕ ಹಾಕಿ ನೋಡಿದರೆ ನಿಜವಾದ ದರ ವರ್ಷಕ್ಕೆ ಶೇಕಡ 21ಕ್ಕಿಂತ ಹೆಚ್ಚು. ಒಂಬತ್ತನೇ ತರಗತಿಯ ವಿದ್ಯಾರ್ಥಿ ಹನ್ನೆರಡು ಸಾಲಿನ ಕೋಷ್ಟಕ ಬರೆದು ಇದನ್ನು ಪರೀಕ್ಷಿಸಬಲ್ಲ.

ಈ ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾಡು ಕಂಡಿದೆ. ಮೀಟರ್ ಬಡ್ಡಿಯ ಹಾವಳಿ ತಡೆಯಲು 2004ರಲ್ಲಿ ರಾಜ್ಯದಲ್ಲಿ ಅತಿಯಾದ ಬಡ್ಡಿ ವಿಧಿಸುವುದನ್ನು ನಿಷೇಧಿಸುವ ಕಾಯ್ದೆ ಬಂತು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಾನೂನು ಬರುವುದು ಅನಾಹುತವಾದ ಮೇಲೆ. ಪಾಠ ಅದಕ್ಕಿಂತ ಮೊದಲೇ ಬರಬಹುದು.

ನಮ್ಮ ವಿಜಯನಗರಕ್ಕೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಒಂದು ಕಡೆ ಬಡಾವಣೆಯ ಸಂಬಳದ ಮನೆಗಳು, ಇನ್ನೊಂದು ಕಡೆ ಹಿನಕಲ್‌ನಂತಹ ಹಳೆಯ ಗ್ರಾಮ, ನಡುವೆ ದಿನಗೂಲಿಯವರು. ಸರ್ಕಾರಿ ಶಾಲೆಗೆ ಬರುವ ಎಷ್ಟೋ ಮಕ್ಕಳ ಮನೆಯಲ್ಲಿ ಚೀಟಿ, ಸಂಘದ ಸಾಲ, ಒಡವೆ ಸಾಲ ಇವು ದಿನನಿತ್ಯದ ಮಾತು. ಈಗ ಇವಕ್ಕೆ ಮೊಬೈಲ್ ಸಾಲವೂ ಸೇರಿದೆ. ಸಾಫ್ಟ್‌ವೇರ್ ಕೆಲಸದಲ್ಲಿರುವುದರಿಂದ ಒಂದು ಮಾತು ಹೇಳಬಲ್ಲೆ. ಒಂದು ಬೆರಳು ಒತ್ತಿದರೆ ಹಣ ಬರುವಂತೆ ಮಾಡುವುದು ತಂತ್ರಜ್ಞಾನಕ್ಕೆ ಸುಲಭ. ಒತ್ತುವ ಮೊದಲು ಯೋಚಿಸುವುದನ್ನು ಅದು ಕಲಿಸುವುದಿಲ್ಲ.

ಅನುಕೂಲಗಳೂ ಇವೆ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲಿ ಅವಕಾಶ ಕೊಟ್ಟಿತು. ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬ್ಯಾಂಕ್ ವ್ಯವಹಾರಗಳ ಅಧ್ಯಾಯವಿದೆ. ಹಲವು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಎಲ್ಲಕ್ಕಿಂತ ಉಪಯುಕ್ತವಾದುದು 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ನಿಯಮ. ಅದರಂತೆ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ವೈಯಕ್ತಿಕ ಸಾಲ ಕೊಡುವ ಮೊದಲು ಸಾಲದ ಮುಖ್ಯ ವಿವರಗಳ ಪತ್ರವನ್ನು ಕೊಡಬೇಕು. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಶುಲ್ಕಗಳೂ ಸೇರಿದ ನಿಜವಾದ ವಾರ್ಷಿಕ ದರ ಅದರಲ್ಲಿರಬೇಕು. ತಂದೆ ತಾಯಿಯರು ಅದನ್ನು ಕನ್ನಡದಲ್ಲಿ ಕೇಳಿ ಪಡೆಯಬಹುದು.

ಐವತ್ತನೇ ವರ್ಷದ ನೆನಪಿಗೆ ಕಟ್ಟಡ, ಕಂಪ್ಯೂಟರ್ ಕೊಡುವ ಹಳೆಯ ವಿದ್ಯಾರ್ಥಿಗಳಿದ್ದಾರೆ, ಅದು ಸಂತೋಷ. ಅದರ ಜೊತೆಗೆ ನನ್ನದೊಂದು ವಿನಂತಿ. ನಮ್ಮಲ್ಲಿ ಬ್ಯಾಂಕಿನಲ್ಲಿ, ಅಂಚೆ ಕಚೇರಿಯಲ್ಲಿ, ಸಹಕಾರ ಸಂಘಗಳಲ್ಲಿ ದುಡಿಯುವವರು ಹಲವರಿದ್ದಾರೆ. ವರ್ಷಕ್ಕೆ ನಾಲ್ಕು ಶನಿವಾರ ಒಬ್ಬೊಬ್ಬರು ಬಂದು, ಗಣಿತ ಮತ್ತು ಸಮಾಜ ವಿಜ್ಞಾನದ ಉಪಾಧ್ಯಾಯರ ಜೊತೆ ಕುಳಿತು ಮಕ್ಕಳಿಗೆ ಈ ಲೆಕ್ಕ ಹೇಳಿಕೊಡೋಣ. ಯಾವ ಕಂಪನಿಯ ಜಾಹೀರಾತೂ ಬೇಡ, ಷೇರು ಪೇಟೆಯ ಆಸೆಯೂ ಬೇಡ. ತಿಂಗಳ ಬಡ್ಡಿಯನ್ನು ವರ್ಷದ ದರವಾಗಿಸುವುದು, ಸಾಲದ ಪತ್ರವನ್ನು ಮನೆಯವರಿಗೆ ಓದಿ ಹೇಳುವುದು, ಇವೆರಡು ಬಂದರೆ ಸಾಕು. ರಾಜಾದಿತ್ಯನ ಕಾಲದಲ್ಲಿ ಕನ್ನಡಕ್ಕೆ ಬಂದ ಈ ವಿದ್ಯೆ ನಮ್ಮ ಶಾಲೆಯಿಂದ ಪ್ರತಿ ಮನೆಗೆ ತಲುಪಲಿ ಎಂದು ಹಾರೈಸುತ್ತೇನೆ.