ಸರ್ಬಿಯಾದ ಸಮ್ಮಿಶ್ರ ಮಂತ್ರಿಮಂಡಲಗಳಲ್ಲಿ ನೋವಾ ಸರ್ಬಿಯಾ ಪಕ್ಷದ ಪಾತ್ರ

ರಾಜಕೀಯ ಪಕ್ಷವೊಂದರ ಬಲವನ್ನು ಅದು ಪಡೆದ ಮತಗಳಿಂದ ಅಳೆಯುವುದು ವಾಡಿಕೆ. ಆದರೆ ಯಾವ ಪಕ್ಷಕ್ಕೂ ಬಹುಮತ ಲಭಿಸದ ಶಾಸನಸಭೆಯಲ್ಲಿ ಈ ಅಳತೆಗೋಲು ಸಾಲದು. ಅಲ್ಲಿ ಕಿರುಪಕ್ಷವೊಂದು ಎಷ್ಟು ಸ್ಥಾನಗಳನ್ನು ಹೊಂದಿದೆ ಎಂಬುದಕ್ಕಿಂತ, ಆ ಸ್ಥಾನಗಳನ್ನು ಕಳೆದರೆ ಸರ್ಕಾರವು ನಿಲ್ಲುವುದೋ ಬೀಳುವುದೋ ಎಂಬುದೇ ಮುಖ್ಯವಾಗುತ್ತದೆ. ಸರ್ಬಿಯಾದ ಬಲಪಂಥೀಯ ಕಿರುಪಕ್ಷವಾದ ನೋವಾ ಸರ್ಬಿಯಾದ (‘ಹೊಸ ಸರ್ಬಿಯಾ’) ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಈ ಪಕ್ಷವು ೧೯೯೮ರಲ್ಲಿ ವುಕ್ ದ್ರಾಷ್ಕೊವಿಚ್ ಅವರ ಸರ್ಬಿಯನ್ ಪುನರುಜ್ಜೀವನ ಆಂದೋಲನದಿಂದ ಒಡೆದು ಬಂದಿತು. ಇದರ ಸ್ಥಾಪಕರಾದ ವೆಲಿಮಿರ್ ಇಲಿಚ್ ಚಾಚಕ್ ಪಟ್ಟಣದ ಮೇಯರಾಗಿದ್ದರು. ರಾಷ್ಟ್ರೀಯತೆ, ಸಂಪ್ರದಾಯನಿಷ್ಠೆ ಮತ್ತು ರಾಜಪ್ರಭುತ್ವದ ಪುನಃಸ್ಥಾಪನೆಯ ಒಲವು ಪಕ್ಷದ ಲಕ್ಷಣಗಳು. ೨೦೦೦ದ ಅಕ್ಟೋಬರ್ ೫ರಂದು ಸ್ಲೊಬೊದಾನ್ ಮಿಲೊಶೆವಿಚ್‌ರ ಆಡಳಿತವನ್ನು ಕೆಡಹಿದ ಜನಾಂದೋಲನದಲ್ಲಿ, ಇಲಿಚ್‌ರ ನಾಯಕತ್ವದಲ್ಲಿ ಚಾಚಕ್‌ನಿಂದ ಹೊರಟ ವಾಹನಗಳ ಸಾಲು ಪೊಲೀಸರ ತಡೆಗಳನ್ನು ಭೇದಿಸಿ ಬೆಲ್‌ಗ್ರೇಡನ್ನು ತಲುಪಿತು. ಪಕ್ಷದ ಕೀರ್ತಿಗೆ ಈ ಘಟನೆಯೇ ಮೂಲವೆನ್ನಬಹುದು.

ಆದರೆ ಕೀರ್ತಿಯು ತಾನಾಗಿಯೇ ಸ್ಥಾನಗಳಾಗಿ ಪರಿಣಮಿಸುವುದಿಲ್ಲ. ಸರ್ಬಿಯಾದ ಶಾಸನಸಭೆಯ ಸದಸ್ಯರು ೨೫೦. ಬಹುಮತಕ್ಕೆ ೧೨೬ ಮಂದಿ ಬೇಕು. ೨೦೦೦ದಿಂದೀಚೆಗೆ ಇಡೀ ದೇಶವೇ ಒಂದು ಮತಕ್ಷೇತ್ರ. ಪಕ್ಷಗಳ ಪಟ್ಟಿಗಳಿಗೆ ಮತಪ್ರಮಾಣಕ್ಕೆ ಅನುಗುಣವಾಗಿ ಸ್ಥಾನಗಳು ದೊರೆಯುತ್ತವೆ. ೨೦೨೦ರಲ್ಲಿ ಕನಿಷ್ಠ ಮಿತಿಯನ್ನು ನೂರಕ್ಕೆ ೩ಕ್ಕೆ ಇಳಿಸುವವರೆಗೆ, ನೂರಕ್ಕೆ ೫ ಮತಗಳನ್ನು ಪಡೆಯದ ಸಾಮಾನ್ಯ ಪಟ್ಟಿಗೆ ಒಂದು ಸ್ಥಾನವೂ ಸಿಕ್ಕುತ್ತಿರಲಿಲ್ಲ. ಆದಕಾರಣ ಕಿರುಪಕ್ಷಗಳು ಹಿರಿಯ ಪಕ್ಷಗಳ ಪಟ್ಟಿಯಲ್ಲಿ ಆಶ್ರಯ ಪಡೆಯುವುದು ಅನಿವಾರ್ಯವಾಯಿತು. ನೋವಾ ಸರ್ಬಿಯಾ ೨೦೦೦ದಿಂದ ೨೦೧೬ರವರೆಗಿನ ಪ್ರತಿಯೊಂದು ಶಾಸನಸಭಾ ಚುನಾವಣೆಯನ್ನೂ ಇತರರೊಡನೆ ಕೂಡಿಯೇ ಎದುರಿಸಿತು.

೨೦೦೩ರ ಡಿಸೆಂಬರ್ ಚುನಾವಣೆಯಲ್ಲಿ ಅದು ತನ್ನ ಮಾತೃಪಕ್ಷದೊಡನೆಯೇ ಮೈತ್ರಿ ಬೆಳೆಸಿತು. ಜಂಟಿ ಪಟ್ಟಿಗೆ ೨೨ ಸ್ಥಾನಗಳು ಬಂದವು. ಅವುಗಳಲ್ಲಿ ನೋವಾ ಸರ್ಬಿಯಾದವು ೯. ೨೦೦೪ರ ಮಾರ್ಚಿಯಲ್ಲಿ ವೊಯಿಸ್ಲಾವ್ ಕೊಷ್ಟುನಿತ್ಸಾ ರಚಿಸಿದ ಮಂತ್ರಿಮಂಡಲಕ್ಕೆ ಅವರ ಸರ್ಬಿಯನ್ ಡೆಮೊಕ್ರಾಟಿಕ್ ಪಕ್ಷದ ೫೩, ಜಿ-೧೭ ಪ್ಲಸ್‌ನ ೩೪ ಮತ್ತು ಈ ೨೨ ಸೇರಿ ೧೦೯ ಸದಸ್ಯರಷ್ಟೇ ಇದ್ದರು. ಮಿಲೊಶೆವಿಚ್‌ರ ಸಮಾಜವಾದಿ ಪಕ್ಷದ ೨೨ ಸದಸ್ಯರು ಹೊರಗಿನಿಂದ ಬೆಂಬಲಿಸಿದುದರಿಂದ ಆ ಸಂಖ್ಯೆ ೧೩೧ಕ್ಕೆ ಏರಿತು. ಇದರಿಂದ ೯ನ್ನು ಕಳೆದರೆ ಉಳಿಯುವುದು ೧೨೨. ಇಲಿಚ್‌ರಿಗೆ ಬಂಡವಾಳ ಹೂಡಿಕೆಗಳ ಖಾತೆ ದೊರೆತುದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ವರ್ಷಗಳ ಹಿಂದೆ ಯಾರನ್ನು ಅಧಿಕಾರದಿಂದ ಇಳಿಸಿದರೋ ಅವರ ಪಕ್ಷದ ಬೆಂಬಲದಿಂದಲೇ ಈ ಅಧಿಕಾರವು ನಿಂತಿತೆಂಬುದು ಮಾತ್ರ ಗಮನಾರ್ಹ.

೨೦೦೭ರ ಜನವರಿಯಲ್ಲಿ ಪಕ್ಷವು ಕೊಷ್ಟುನಿತ್ಸಾರ ಪಟ್ಟಿಯನ್ನು ಸೇರಿತು. ಪಟ್ಟಿ ಗಳಿಸಿದ ೪೭ ಸ್ಥಾನಗಳಲ್ಲಿ ೧೦ ಅದರ ಪಾಲಾದವು. ಬೋರಿಸ್ ತಾದಿಚ್‌ರ ಡೆಮೊಕ್ರಾಟಿಕ್ ಪಕ್ಷದ ೬೪, ಈ ೪೭ ಮತ್ತು ಜಿ-೧೭ ಪ್ಲಸ್‌ನ ೧೯ ಸೇರಿ ೧೩೦ರ ಸರ್ಕಾರವು ಮೇ ತಿಂಗಳಿನಲ್ಲಿ ರೂಪುಗೊಂಡಿತು. ಇಲ್ಲಿಯೂ ಹತ್ತನ್ನು ಕಳೆದರೆ ಬಹುಮತವಿಲ್ಲ. ಇಲಿಚ್ ಮೂಲಸೌಕರ್ಯ ಮಂತ್ರಿಯಾದರು.

೨೦೦೮ರ ಫೆಬ್ರವರಿಯಲ್ಲಿ ಕೊಸೊವೊ ಸ್ವಾತಂತ್ರ್ಯವನ್ನು ಘೋಷಿಸಿದ ಬಳಿಕ, ಯೂರೋಪಿನೊಡನೆ ಸಂಬಂಧ ಹೇಗಿರಬೇಕೆಂಬ ವಿವಾದದಲ್ಲಿ ಈ ಸರ್ಕಾರವು ಮುರಿದುಬಿತ್ತು. ಮೇ ಚುನಾವಣೆಯಲ್ಲಿ ರಾಡಿಕಲ್ ಪಕ್ಷಕ್ಕೆ ೭೮, ಕೊಷ್ಟುನಿತ್ಸಾ–ಇಲಿಚ್ ಪಟ್ಟಿಗೆ ೩೦, ಸಮಾಜವಾದಿಗಳ ಕೂಟಕ್ಕೆ ೨೦ ಸ್ಥಾನಗಳು ಬಂದವು. ಒಟ್ಟು ೧೨೮, ಮಾತುಕತೆಗಳೂ ನಡೆದವು. ಆದರೆ ಸಮಾಜವಾದಿಗಳು ತಾದಿಚ್‌ರ ಪಕ್ಷವನ್ನು ಸೇರಿದರು. ತಕ್ಕಡಿಯನ್ನು ಬಾಗಿಸುವ ಶಕ್ತಿಯು ಮತ್ತೊಂದು ಕಿರುಕೂಟದ ಕೈಸೇರಿತು. ನೋವಾ ಸರ್ಬಿಯಾ ವಿರೋಧಪಕ್ಷದ ಸಾಲಿನಲ್ಲಿ ಕುಳಿತಿತು.

೨೦೧೨ರಲ್ಲಿ ಅದು ಸರ್ಬಿಯನ್ ಪ್ರೋಗ್ರೆಸಿವ್ ಪಕ್ಷದ ಪಟ್ಟಿಯಲ್ಲಿ ೮ ಸ್ಥಾನಗಳನ್ನು ಪಡೆಯಿತು. ಇಲಿಚ್ ಪುನಃ ಮಂತ್ರಿಯಾದರು. ಪ್ರಧಾನಿಯಾದವರು ಸಮಾಜವಾದಿ ನಾಯಕ ಇವಿತ್ಸಾ ದಾಚಿಚ್. ಅವರು ೧೯೯೦ರ ದಶಕದಲ್ಲಿ ಮಿಲೊಶೆವಿಚ್‌ರ ಪಕ್ಷದ ವಕ್ತಾರರಾಗಿದ್ದವರು. ೨೦೧೪ರಲ್ಲಿ ಪರಿಸ್ಥಿತಿಯು ಮೂಲತಃ ಬದಲಾಯಿತು. ಪ್ರೋಗ್ರೆಸಿವ್ ಪಟ್ಟಿಗೆ ೧೫೮ ಸ್ಥಾನಗಳು ಬಂದವು. ನೋವಾ ಸರ್ಬಿಯಾದ ೬ನ್ನು ಕಳೆದರೂ ೧೫೨ ಉಳಿಯುತ್ತಿದ್ದವು. ಇಲಿಚ್‌ರಿಗೆ ಈ ಬಾರಿ ದೊರೆತುದು ಖಾತೆಯಿಲ್ಲದ ಮಂತ್ರಿಪದವಿ. ತುರ್ತುಪರಿಸ್ಥಿತಿಗಳ ಹೊಣೆಯಷ್ಟೇ ಅವರದಾಯಿತು. ೨೦೧೬ರಲ್ಲಿ ಸ್ಥಾನಗಳು ೫ಕ್ಕೆ ಇಳಿದವು. ೨೦೧೭ರ ವೇಳೆಗೆ ಪಕ್ಷವು ಆಳುವ ಬಣದಿಂದ ದೂರವಾಯಿತು. ಸರ್ಕಾರಕ್ಕೆ ಅದರಿಂದ ಯಾವ ಬಾಧೆಯೂ ತಟ್ಟಲಿಲ್ಲ.

ಇದರಿಂದ ತಿಳಿದುಬರುವುದೇನೆಂದರೆ, ೨೦೦೪ರಲ್ಲಿ ೯ ಸ್ಥಾನಗಳಿಗಿದ್ದ ಬೆಲೆ ೨೦೧೪ರಲ್ಲಿ ೬ಕ್ಕೆ ಇಲ್ಲವಾದುದು ಕೇವಲ ಮೂರು ಸ್ಥಾನಗಳ ಇಳಿಕೆಯಿಂದಲ್ಲ. ಸುತ್ತಲಿನ ಲೆಕ್ಕಾಚಾರವೇ ಬದಲಾದುದರಿಂದ. ಇಂತಹ ಪಕ್ಷದ ಬಲವು ಅದರ ಸ್ವಂತ ಆಸ್ತಿಯಲ್ಲ. ಹಿರಿಯ ಪಕ್ಷಗಳ ಕೊರತೆಯೇ ಅದರ ಬಂಡವಾಳ. ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ. ೨೦೦೮ರ ಅಧ್ಯಕ್ಷ ಚುನಾವಣೆಯಲ್ಲಿ ಇಲಿಚ್‌ರಿಗೆ ನೂರಕ್ಕೆ ಸುಮಾರು ೭ ಮತಗಳು ಬಂದವು. ಅದೂ ಕೊಷ್ಟುನಿತ್ಸಾರ ಪಕ್ಷದ ಬೆಂಬಲದೊಡನೆ. ಶಾಸನಸಭೆಗಾಗಿ ನಡೆದ ಈ ಎಲ್ಲ ಚುನಾವಣೆಗಳಲ್ಲಿಯೂ ಮತದಾರನು ಈ ಪಕ್ಷವೊಂದನ್ನೇ ಪ್ರತ್ಯೇಕವಾಗಿ ತೂಗಿ ನೋಡುವ ಅವಕಾಶವನ್ನು ಪಡೆಯಲಿಲ್ಲ. ಆದರೂ ರಾಜ್ಯದ ರಸ್ತೆಗಳೂ ಕಟ್ಟಡಗಳೂ ಹಲವು ವರ್ಷ ಅದರ ನಾಯಕನ ಆಡಳಿತಕ್ಕೆ ಒಳಪಟ್ಟಿದ್ದವು. ಕಿರುಪಕ್ಷಗಳಿಗೆ ದನಿ ನೀಡುವ ವ್ಯವಸ್ಥೆಯೇ ಅವುಗಳ ಹೊಣೆಗಾರಿಕೆಯನ್ನು ಮರೆಮಾಡಲೂಬಹುದು. ಸಮ್ಮಿಶ್ರ ಸರ್ಕಾರಗಳನ್ನು ಅಭ್ಯಸಿಸುವವರು ಈ ಎರಡು ಮುಖಗಳನ್ನೂ ಒಟ್ಟಿಗೆ ನೋಡುವುದು ಅವಶ್ಯಕ.