ಬೇಲಿಯೊಳಗಿನ ಹಿಂಡು: ಮೃಗಾಲಯದ ನೈತಿಕತೆ

ಕಾಡುಪ್ರಾಣಿಗಳನ್ನು ಕೂಡಿಹಾಕಿ ನೋಡುವ ಪರಿಪಾಠವು ಅರಸೊತ್ತಿಗೆಯ ವೈಭವದೊಡನೆ ಬೆಳೆದುದು. 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಮೃಗಾಲಯವೂ ಮೊದಲಿಗೆ ಅರಮನೆಯ ಸಂಗ್ರಹವೇ. ಸಂರಕ್ಷಣೆಯೇ ಮೃಗಾಲಯಗಳ ಮುಖ್ಯ ಉದ್ದೇಶವೆಂಬ ಮಾತು 1998ರ ರಾಷ್ಟ್ರೀಯ ಮೃಗಾಲಯ ನೀತಿಯಲ್ಲಿ ಸ್ಪಷ್ಟಗೊಂಡಿತು. ಈ ಸಮರ್ಥನೆಯನ್ನು ಬಾಗಲಕೋಟೆ ಸೀಮೆಯಲ್ಲಿ ನಿಂತು ಪರಿಶೀಲಿಸುವುದು ಉಚಿತ.

ಈ ಜಿಲ್ಲೆಯ ಬೀಳಗಿ, ಮುಧೋಳ ತಾಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 96 ಚದರ ಕಿಲೋಮೀಟರು. ಇಲ್ಲಿ ಮೇವನ್ನೂ ನೆರಳನ್ನೂ ಚಿಂಕಾರವೇ ಆರಿಸಿಕೊಳ್ಳುತ್ತದೆ. ನೋಡಲು ಹೋದವನಿಗೆ ಅದು ಕಾಣದೆಯೂ ಇರಬಹುದು. ಆ ನಿರಾಶೆಯನ್ನು ನೋಡುಗನು ಸಹಿಸಿಕೊಳ್ಳಬೇಕು.

ನೆರೆಯ ಬೆಳಗಾವಿ ಜಿಲ್ಲೆಯ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರಿನಲ್ಲಿ ಕೆಲವೇ ದಿನಗಳೊಳಗೆ 31 ಕೃಷ್ಣಮೃಗಗಳು ಸತ್ತವು. ಗಳಲೆ ರೋಗವೆಂಬ ಬ್ಯಾಕ್ಟೀರಿಯಾ ಸೋಂಕು ಇದಕ್ಕೆ ಕಾರಣವೆಂದು ತಿಳಿದುಬಂದಿತು. ರೋಗವು ಬಯಲಿನಲ್ಲಿಯೂ ಉಂಟು, ಬೀದಿನಾಯಿಗಳ ಕಾಟವೂ ಉಂಟು. ಬಯಲೇ ಕ್ಷೇಮವೆಂಬುದು ನಮ್ಮ ವಾದವಲ್ಲ. ಗಾಯಗೊಂಡ ಅಥವಾ ತಾಯಿಯನ್ನು ಕಳೆದುಕೊಂಡ ಪ್ರಾಣಿಗೆ ಆವರಣವೇ ಆಸರೆಯೆಂಬುದನ್ನೂ ಅಲ್ಲಗಳೆಯಲಾಗದು. ಆದರೆ ಪ್ರದರ್ಶನಕ್ಕೆಂದೇ ಇಟ್ಟ ಹಿಂಡಿಗೆ ಈ ಸಮರ್ಥನೆ ಒದಗದು. ಬಯಲಿನ ಹಿಂಡು ಚದುರಬಲ್ಲದು, ಜಾಗ ಬದಲಿಸಬಲ್ಲದು. ಬೇಲಿಯೊಳಗಿನ ಹಿಂಡಿಗೆ ಆ ದಾರಿಯನ್ನು ಮುಚ್ಚಿದವರು ನಾವು. ಆದುದರಿಂದ ಅಲ್ಲಿನ ಸಾವನ್ನು ಕೇವಲ ರೋಗದ ಲೆಕ್ಕಕ್ಕೆ ಬರೆಯಲಾಗದು.