ಸಾಲಕ್ಕೂ ಒಂದು ಶೋ ಬೇಕಾ?

ಟೀವಿಯಲ್ಲಿ ಸಾಲ ಯಾವಾಗ ಕಾಣಿಸುತ್ತೆ ಹೇಳಿ ವೀಕ್ಷಕರೇ? ಎರಡೇ ಸಲ. ಯಾರೋ ಹಾಟ್ ಸೀಟಲ್ಲಿ ಕೂತು ದುಡ್ಡು ಗೆದ್ದಾಗ, ಇಲ್ಲವೇ ಯಾರೋ ಮನೆಮಂದಿಯೆಲ್ಲ ಸತ್ತಾಗ. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ಶುರು ಮಾಡಿದರು. ಗೆದ್ದ ದುಡ್ಡಲ್ಲಿ ಸಾಲ ತೀರಿಸಬೇಕು ಅನ್ನೋ ಮಾತು ಅಂಥ ಸೀಟುಗಳಿಗೆ ಹೊಸದಲ್ಲ. ಆದರೆ ಗೆಲುವಿಗೂ ಸಾವಿಗೂ ಮಧ್ಯೆ ತಿಂಗಳು ತಿಂಗಳು ಕಟ್ಟೋ ಕಂತು ಇದೆಯಲ್ಲ, ಅದನ್ನು ಯಾರೂ ತೋರಿಸಲ್ಲ.

ಹೊರದೇಶಗಳಲ್ಲಿ ತೋರಿಸಿದ್ದಾರೆ. 1999ರಲ್ಲಿ ಬಿಬಿಸಿಯಲ್ಲಿ ಆಲ್ವಿನ್ ಹಾಲ್ ಎಂಬ ಅಮೆರಿಕನ್ನರು 'ಯುವರ್ ಮನಿ ಆರ್ ಯುವರ್ ಲೈಫ್' ನಡೆಸಿಕೊಟ್ಟರು. ದುಂದುಗಾರರನ್ನು ಕೂರಿಸಿಕೊಂಡು ಖರ್ಚಿನ ಲೆಕ್ಕ ಕೇಳೋ ಕಾರ್ಯಕ್ರಮ ಅದು. ಅಮೆರಿಕದ ಸಿಎನ್‌ಬಿಸಿಯಲ್ಲಿ 2002ರಿಂದ 2015ರವರೆಗೆ ಸೂಜಿ ಓರ್ಮನ್ ಕೂತಿದ್ದರು. ಜನ ಫೋನ್ ಮಾಡಿ 'ಈ ವಸ್ತು ತಗೊಳ್ಳಲಾ?' ಅಂತ ಕೇಳೋರು. ಆಕೆ ಲೆಕ್ಕ ನೋಡಿ ಸರಿ ಅಥವಾ ಬೇಡ ಅನ್ನೋರು. ಕೆನಡಾದಲ್ಲಿ 2005ರಿಂದ 'ಟಿಲ್ ಡೆಟ್ ಡು ಅಸ್ ಪಾರ್ಟ್' ಬಂತು. ಜಮೈಕಾದಲ್ಲಿ ಹುಟ್ಟಿದ ಗೇಲ್ ವಾಜ್-ಆಕ್ಸ್‌ಲೇಡ್ ಸಾಲಗಾರ ದಂಪತಿಯ ಮನೆಗೇ ಹೋಗಿ, ಒಟ್ಟು ಸಾಲ ಎಷ್ಟು ಅಂತ ಗಂಡ ಹೆಂಡತಿ ಇಬ್ಬರ ಮುಂದೆಯೂ ಇಡೋರು. ಆಮೇಲೆ ಕಾರ್ಡ್ ಬಂದ್. ದಿನಸಿಗೆ ಒಂದು ಜಾಡಿ, ಓಡಾಟಕ್ಕೆ ಒಂದು ಜಾಡಿ. ನಗದು ಖಾಲಿಯಾದರೆ ಖರ್ಚೂ ಖಾಲಿ. ಹೇಳಿದಂತೆ ನಡೆದುಕೊಂಡ ದಂಪತಿಗೆ ಕೊನೆಯಲ್ಲಿ 5,000 ಡಾಲರ್‌ವರೆಗೆ ಬಹುಮಾನ.

ಈ ಜಾಡಿ ನೋಡಿ ನಮ್ಮ ಅಜ್ಜಿಯಂದಿರು ನಕ್ಕುಬಿಡ್ತಿದ್ದರು. ಸಾಸಿವೆ ಡಬ್ಬಿ, ಮೆಂತ್ಯದ ಡಬ್ಬಿ, ಸೀರೆಯ ಮಡಿಕೆ ಇವೆಲ್ಲ ಮತ್ತೇನು? ಹಾಲಿನವನ ದುಡ್ಡು ಒಂದರಲ್ಲಿ, ಹಬ್ಬದ ದುಡ್ಡು ಇನ್ನೊಂದರಲ್ಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆಯೂ ಇತ್ತು. ಆದರೆ ಈಗ ಹಾಸಿಗೆಯನ್ನೇ ಕಂತಿನಲ್ಲಿ ಮಾರ್ತಾರಲ್ಲ, ಸ್ವಾಮಿ! ಗಾದೆ ಎಲ್ಲಿ ಹೋಗಿ ನಿಲ್ಲಬೇಕು?

ಹಾಗಂತ ತಪ್ಪೆಲ್ಲ ಕಾಲು ಚಾಚಿದವನದೇ ಅಂತ ಈ ನಾಡು ಯಾವತ್ತೂ ಒಪ್ಪಿಕೊಂಡಿಲ್ಲ. ಇತಿಹಾಸ ನೋಡಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಸಾಹುಕಾರನ ಬಡ್ಡಿಗೆ ಊರೇ ಸೇರಿ ಕೊಟ್ಟ ಉತ್ತರ ಅದು. 1976ರಲ್ಲಿ ದೇವರಾಜ ಅರಸು ಸರ್ಕಾರ ಋಣ ಪರಿಹಾರ ಕಾಯ್ದೆ ತಂದು ಸಣ್ಣ ರೈತರು, ಭೂಹೀನ ಕೂಲಿಗಳು, ಬಡವರನ್ನು ಲೇವಾದೇವಿದಾರರ ಸಾಲದಿಂದ ಬಿಡಿಸಿತು. 2018ರಲ್ಲಿ ಮತ್ತೊಂದು ಅಂಥ ಕಾಯ್ದೆ. 2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಜನ ಮನೆಗೆ ಬೀಗ ಹಾಕಿ ಹೋದರು. ನೀವೆಲ್ಲ ಟೀವಿಯಲ್ಲಿ ನೋಡಿದಿರಿ. ಫೆಬ್ರುವರಿ 12ಕ್ಕೆ ಸುಗ್ರೀವಾಜ್ಞೆ ಬಂತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಅಂದರೆ ಅವರ ಟೀವಿ ಸಾಲವನ್ನು ಮನುಷ್ಯನ ಚಟ ಅಂದಿತು. ನಮ್ಮ ಕಾನೂನು ಅದನ್ನು ಸಮಾಜದ ಅನ್ಯಾಯ ಅಂದಿತು. ಎರಡೂ ಅರ್ಧ ನಿಜ. ಇವೆರಡರ ಮಧ್ಯೆ ಸಿಕ್ಕಿಕೊಂಡವರು ಯಾರು ಗೊತ್ತಾ? ಕೆಂಗೇರಿ ಉಪನಗರಕ್ಕೆ ಹೋಗಿ. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಬೆಳಗ್ಗೆ ಆ ರೈಲು ಹತ್ತೋರಲ್ಲಿ ಎಷ್ಟೋ ಜನ ಸಂಬಳದವರು. ಅವರು ಬಡವರ ಪಟ್ಟಿಯಲ್ಲಿಲ್ಲ, ಋಣಮುಕ್ತಿ ಕಾಯ್ದೆ ಅವರಿಗಲ್ಲ. ಮನೆ ಸಾಲ, ಗಾಡಿ ಸಾಲ, ಮಕ್ಕಳ ಫೀಸು, ಅಪ್ಪನ ಆಪರೇಷನ್ನಿಗೆ ಎತ್ತಿದ ಪರ್ಸನಲ್ ಲೋನ್, ಅದರ ಕಂತು ಕಟ್ಟೋಕೆ ಕ್ರೆಡಿಟ್ ಕಾರ್ಡ್. ಇದರಲ್ಲಿ ದುಂದು ಎಷ್ಟು, ಕಷ್ಟ ಎಷ್ಟು? ಕೂತು ಬರೆಯದೆ ಅವರಿಗೇ ಗೊತ್ತಾಗಲ್ಲ.

ಒಂದು ಲೆಕ್ಕ ಹೇಳ್ತೀನಿ, ಪೆನ್ನು ತಗೊಳ್ಳಿ. ಕಾರ್ಡಿನಲ್ಲಿ 1 ಲಕ್ಷ ಬಾಕಿ ಇದೆ, ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ಕಟ್ಟಬೇಕಾದ ಕನಿಷ್ಠ ಮೊತ್ತ 5,000 ಅಂತ ಇಟ್ಟುಕೊಳ್ಳಿ. 3,500 ಬಡ್ಡಿಗೆ ಹೋಯ್ತು. ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 630. ಅಸಲಿಗೆ ಸೇರಿದ್ದು ಎಷ್ಟು? 870 ರೂಪಾಯಿ! ಐದು ಸಾವಿರ ಕಟ್ಟಿದೆ ಅಂತ ನೆಮ್ಮದಿಯಾಗಿ ಮಲಗಿದೋನ ಸಾಲ ಇನ್ನೂ 99,130.

ಇಂಥ ಲೆಕ್ಕ ಹೇಳಿಕೊಡೋಕೆ ನಮ್ಮಲ್ಲಿ ವ್ಯವಸ್ಥೆ ಇರಲಿಲ್ಲವಾ? ಇತ್ತು. 2009ರಲ್ಲಿ ರಿಸರ್ವ್ ಬ್ಯಾಂಕ್ 'ಆರ್ಥಿಕ ಸಾಕ್ಷರತೆ ಮತ್ತು ಸಾಲ ಸಲಹಾ ಕೇಂದ್ರ'ಗಳ ಯೋಜನೆ ತಂತು. 2012ರಲ್ಲಿ ಮಾರ್ಗಸೂಚಿ ಬದಲಾಗಿ ಬರೀ 'ಆರ್ಥಿಕ ಸಾಕ್ಷರತಾ ಕೇಂದ್ರ' ಆಯ್ತು. ಸಾಲ ಸಲಹೆ ಅನ್ನೋ ಮಾತೇ ಬೋರ್ಡಿನಿಂದ ಇಳಿದುಹೋಯ್ತು. ಸಾಲಗಾರನಾದರೂ ಬಾಗಿಲು ತಟ್ಟಿ ಕೇಳ್ತಾನಾ? ಇಲ್ಲ. ಯಾಕಂದ್ರೆ ನಾಚಿಕೆ. ನಮ್ಮ ಭಾಷೆಯಲ್ಲಿ 'ಪಾಪರ್ ಚೀಟಿ' ಅನ್ನೋದು ಕೋರ್ಟಿನ ಕಾಗದವೂ ಹೌದು, ಬೈಗುಳವೂ ಹೌದು. ಅವನು ಹೆಂಡತಿಗೆ ಹೇಳಲ್ಲ, ಅವಳು ಅಡವಿಟ್ಟ ಬಳೆಯ ಸುದ್ದಿ ಎತ್ತಲ್ಲ. ಸಾಲ ಬೆಳೆಯೋದು ಬಡ್ಡಿಯಿಂದ ಮಾತ್ರ ಅಲ್ಲ ವೀಕ್ಷಕರೇ, ಮೌನದಿಂದಲೂ ಬೆಳೆಯುತ್ತೆ.

ಆ ಕೆನಡಾ ಕಾರ್ಯಕ್ರಮದಿಂದ ನಾವು ಕಲಿಯಬೇಕಾದ್ದು ಜಾಡಿಯನ್ನಲ್ಲ, ಬಹುಮಾನವನ್ನಂತೂ ಅಲ್ಲ. ಇಬ್ಬರೂ ಕೂತು ಆ ಒಟ್ಟು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ ಆ ಒಂದು ಗಳಿಗೆಯನ್ನು. ಅದಕ್ಕೆ ಕ್ಯಾಮೆರಾ ಬೇಕಿಲ್ಲ. ಅಂಥ ಶೋ ಇಲ್ಲಿಗೆ ಬಂದರೆ ಏನಾಗುತ್ತೆ ಅಂತ ಊಹಿಸೋದೂ ಕಷ್ಟವಲ್ಲ: ಅಳೋ ಹೆಂಗಸಿನ ಮುಖಕ್ಕೆ ಕ್ಲೋಸಪ್, ಹಿಂದೆ ಪಿಟೀಲು, ಬ್ರೇಕ್‌ನಲ್ಲಿ ಚಿನ್ನದ ಸಾಲದ ಜಾಹೀರಾತು! ಅದರ ಬದಲು ಈ ಭಾನುವಾರ ಅರ್ಧ ಗಂಟೆ ಟೀವಿ ಆಫ್ ಮಾಡಿ. ಒಂದು ಹಾಳೆ ತಗೊಳ್ಳಿ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಬರೆಯಿರಿ. ಹೆಚ್ಚು ಬಡ್ಡಿಯದು ಮೇಲೆ ಬರಲಿ, ಮೊದಲು ತೀರಬೇಕಾದ್ದು ಅದು. ವಸೂಲಿಯವರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡೋ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕೇ 2022ರಲ್ಲಿ ಹೇಳಿದೆ. ಬ್ಯಾಂಕಿನ ಮೇಲೆ ದೂರಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಸಹಾಯವಾಣಿ 14448. ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ಹಾಳೆಯ ಕೆಳಗೆ ಬರೋ ಒಟ್ಟು ಮೊತ್ತ ದೊಡ್ಡದೇ ಇರುತ್ತೆ. ಇರಲಿ. ಅದನ್ನು ಮನೆಯಲ್ಲಿ ಇಬ್ಬರು ಓದಿರ್ತಾರಲ್ಲ, ಅಲ್ಲಿಂದಲೇ ಸಾಲ ತೀರೋಕೆ ಶುರು.